ಹೊಗೆಯಿಲ್ಲದ ಕೆಂಡವೂ ಕೊಲ್ಲಬಲ್ಲದು: ಕಾರ್ಬನ್ ಮೊನಾಕ್ಸೈಡ್ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಕಟ್ಟಿಗೆ, ಇದ್ದಿಲು, ಅಡುಗೆ ಅನಿಲ, ಪೆಟ್ರೋಲ್ ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಮಿದುಳು, ಹೃದಯಗಳು ಆಮ್ಲಜನಕವಿಲ್ಲದೆ ಸೊರಗುತ್ತವೆ. ಘಟ್ಟದ ಬುಡದ ಸಂಪಾಜೆಯಲ್ಲಿ ಮಳೆಗಾಲ ಬಂತೆಂದರೆ ಬಚ್ಚಲೊಲೆ, ಕೆಂಡ, ಗ್ಯಾಸ್ ಗೀಸರ್, ಜನರೇಟರ್ ಎಲ್ಲಕ್ಕೂ ಕೆಲಸ. ಎರಚಲಿಗೆ ಕಿಟಕಿ, ಬಾಗಿಲು ಮುಚ್ಚಿರುವುದೂ ಆಗಲೇ.

ತಪ್ಪು ಕಲ್ಪನೆ: ಹೊಗೆಯಾಡುವ ಬೆಂಕಿ ಮಾತ್ರ ಅಪಾಯ, ನಿಗಿನಿಗಿ ಕೆಂಡದಿಂದ ತೊಂದರೆಯಿಲ್ಲ.
ಸತ್ಯ: ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಗೆ ಕಣ್ಣು ಉರಿದರೆ ಜನ ಎದ್ದು ಹೊರಗೆ ಬರುತ್ತಾರೆ. ಕೆಂಡ ಆ ಸೂಚನೆಯನ್ನೂ ಕೊಡುವುದಿಲ್ಲ. ಗೆರಟೆ ಅಥವಾ ಇದ್ದಿಲಿನ ಕೆಂಡ ಹೊಗೆ ನಿಂತ ಮೇಲೂ ವಿಷ ಬಿಡುತ್ತಲೇ ಇರುತ್ತದೆ. ಬಾಣಂತಿ, ಕೂಸು ಮಲಗುವ ಕೋಣೆಯಲ್ಲಿ ಕೆಂಡ ಇಡಲೇಬಾರದು. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಇನ್ನೂ ಹೆಚ್ಚು.

ತಪ್ಪು ಕಲ್ಪನೆ: ಗ್ಯಾಸ್ ಗೀಸರ್ ಕೆಟ್ಟರೆ ವಾಸನೆಯಿಂದ ತಿಳಿಯುತ್ತದೆ.
ಸತ್ಯ: ಸೋರಿಕೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಆ ಅನಿಲ ಉರಿದ ಮೇಲೆ. ಆಗ ಆ ವಾಸನೆ ಇರುವುದಿಲ್ಲ. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬೇಕು. ನೀಲಿ ಉರಿ ಹಳದಿಯಾದರೆ ಬಳಸುವುದನ್ನು ನಿಲ್ಲಿಸಿ ರಿಪೇರಿ ಮಾಡಿಸಬೇಕು.

ತಪ್ಪು ಕಲ್ಪನೆ: ಕಿಟಕಿ ಸ್ವಲ್ಪ ತೆರೆದರೆ, ಕೋಣೆಯಲ್ಲಿ ನೀರಿನ ಪಾತ್ರೆ ಇಟ್ಟರೆ ಸಾಕು.
ಸತ್ಯ: ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಗಾಳಿಯಷ್ಟೇ ಹಗುರವಾದ್ದರಿಂದ ಇಡೀ ಕೋಣೆಗೆ ಹರಡುತ್ತದೆ. ಜನರೇಟರನ್ನು ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ ಇಡದೆ ಮನೆಯಿಂದ ಕನಿಷ್ಠ 6 ಮೀಟರ್ ದೂರ ಬಯಲಿನಲ್ಲೇ ಇಡಬೇಕು. ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆ ಮಲಗುವ ಕೋಣೆಗೆ ತಾಗಿರಬಾರದು; ಅದರೊಳಗೆ ಯಾರೂ ಮಲಗಬಾರದು.

ತಪ್ಪು ಕಲ್ಪನೆ: ಅಡುಗೆ ಅನಿಲದ ಅಲಾರಂ ಇದ್ದರೆ ಸಾಕು.
ಸತ್ಯ: ಅದು ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬೇರೆ ಅಲಾರಂ ಬೇಕು. ಅದನ್ನು ಮಲಗುವ ಕೋಣೆಯ ಹತ್ತಿರ ಹಾಕಿ, ತಿಂಗಳಿಗೊಮ್ಮೆ ಬಟನ್ ಒತ್ತಿ ಪರೀಕ್ಷಿಸಿ, ಅವಧಿ ಮುಗಿದ ಕೂಡಲೇ ಬದಲಿಸಬೇಕು.

ತಪ್ಪು ಕಲ್ಪನೆ: ಆಕ್ಸಿಮೀಟರ್ 98 ತೋರಿಸಿದರೆ ಹೆದರಬೇಕಿಲ್ಲ.
ಸತ್ಯ: ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ರಕ್ತಕ್ಕೂ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯದು. ಜ್ವರವಿಲ್ಲದೆ ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಈ ವಿಷವನ್ನೇ ಶಂಕಿಸಬೇಕು. ಖಚಿತವಾಗುವುದು ರಕ್ತಪರೀಕ್ಷೆಯಿಂದ.

ತಪ್ಪು ಕಲ್ಪನೆ: ಮಜ್ಜಿಗೆ ಕುಡಿದು ಮಲಗಿದರೆ ಸರಿಹೋಗುತ್ತದೆ.
ಸತ್ಯ: ಬರೀ ಗಾಳಿ ಉಸಿರಾಡಿದರೆ ರಕ್ತದಲ್ಲಿರುವ ವಿಷ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು, ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಮೊದಲು ಎಲ್ಲರನ್ನೂ ಹೊರಗೆ ಕರೆತಂದು 108ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡಂತೆ ಕಂಡವರನ್ನೂ ವೈದ್ಯರಿಗೆ ತೋರಿಸಬೇಕು. ಮರೆವು, ಗೊಂದಲ ಕೆಲವು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು.