ಮುಪ್ಪಿನಲ್ಲಿ ಮಹಾಪ್ರಬಂಧ

ಹಳಿಯಾಳ, ದಾಂಡೇಲಿಗಳ ಮಾರ್ಗವಾಗಿ ಉಳವಿಯ ಚೆನ್ನಬಸವಣ್ಣನವರ ದರ್ಶನಕ್ಕೆ ತೆರಳುವ ಸದ್ಭಕ್ತರಿಗೆ ಕಕ್ಕೇರಿ ಅಪರಿಚಿತವಾದ ಊರಲ್ಲ. ಕಲ್ಯಾಣಕ್ರಾಂತಿಯ ತರುವಾಯ ಉಳವಿಯತ್ತ ಹೊರಟ ಶರಣಸಮೂಹದಲ್ಲಿದ್ದ ಡೋಹರ ಕಕ್ಕಯ್ಯನವರು ಖಾನಾಪುರ ತಾಲೂಕಿನ ಈ ಊರಿನಲ್ಲಿ ಲಿಂಗೈಕ್ಯರಾದರೆಂದು ಪರಂಪರೆ ಹೇಳುತ್ತದೆ. ಇದೇ ಶರಣರನ್ನು ಕುರಿತು ಮಹಾಪ್ರಬಂಧ ರಚಿಸಿ, ಧಾರವಾಡದ ಹಿರಿಯರಾದ ಮಾರ್ಕಂಡೇಯ ದೊಡಮನಿಯವರು 2022ರಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಪಿಎಚ್.ಡಿ. ಪದವಿಗೆ ಪಾತ್ರರಾದರು. ಅದಕ್ಕೆ ಹಿಡಿದದ್ದು 18 ವರ್ಷ. ನಡುವೆ ಮಾರ್ಗದರ್ಶಕರೇ ತೀರಿಕೊಂಡರು. ಮತ್ತೊಬ್ಬ ವಿದ್ವಾಂಸರ ಆಶ್ರಯದಲ್ಲಿ ಕಾರ್ಯ ಮುಂದುವರಿಯಿತು.

ಕಕ್ಕಯ್ಯನವರ ವಚನಗಳೆಂದು ನಮಗೆ ದೊರೆತಿರುವವು ಆರು ಮಾತ್ರ. ಆರು ವಚನಗಳಿಗೆ ಇಷ್ಟು ವರ್ಷಗಳೇಕೆ ಎಂದು ಯಾರಾದರೂ ಕೇಳಿಯಾರು. ಮಠದ ಪಾಠಶಾಲೆಯಲ್ಲಿ ಓದಿದ ನಮಗೆ ಈ ಪ್ರಶ್ನೆ ವಿಚಿತ್ರವೆನಿಸುತ್ತದೆ. ಸ್ವಲ್ಪ ಉಳಿದಿರುವಲ್ಲಿಯೇ ಹುಡುಕಾಟ ಹೆಚ್ಚು. ತೊಗಲು ಹದಮಾಡುವ ಕಾಯಕದ ಈ ಮಹಾತ್ಮರನ್ನು ಬಸವಣ್ಣನವರು ತಂದೆಯ ಸ್ಥಾನದಲ್ಲಿಟ್ಟು ನೆನೆದಿದ್ದಾರೆ. ಅಂಥವರ ಬಾಳನ್ನು ಅರಿಯಲು ಇತರ ಶರಣರ ನುಡಿಗಳನ್ನೂ ನಂತರದ ಕಾವ್ಯ ಪುರಾಣಗಳನ್ನೂ ಸ್ಥಳದ ಐತಿಹ್ಯಗಳನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ತೂಗಬೇಕಾಗುತ್ತದೆ.

ಮುಪ್ಪಿನ ವಿದ್ಯಾರ್ಥಿಗೆ ಎದುರಾಗುವ ಮೊದಲ ಅಡ್ಡಿ ವಿಶ್ವವಿದ್ಯಾಲಯವಲ್ಲ, ಮನೆ. "ಈ ವಯಸ್ಸಿನಲ್ಲಿ ಓದಿ ಯಾವ ನೌಕರಿ ಹಿಡಿಯುತ್ತೀರಿ?" ಎಂಬ ಮಾತು ಗಂಡಸರಿಗೆ ಒಮ್ಮೆ ಕೇಳಿಸಿದರೆ ಹೆಂಗಸರಿಗೆ ಹತ್ತು ಸಲ ಕೇಳಿಸುತ್ತದೆ. ಮಕ್ಕಳ ಓದಿಗಾಗಿ ತಮ್ಮ ಓದನ್ನು ಬದಿಗಿರಿಸಿದ ತಾಯಂದಿರು ಈಗ ಪುಸ್ತಕ ತೆರೆದರೆ ನಗುವ ಮನೆಗಳನ್ನು ನಾವು ಬಲ್ಲೆವು. ಆ ನಗೆ ನಮಗೆ ಸೇರದು.

ಆದರೆ ಒಂದು ಸಂಗತಿ ಗಮನಕ್ಕೆ ಬರಲೇಬೇಕು. ದೊಡಮನಿಯವರಂತೆ 18 ವರ್ಷ ತಾಳುವ ಅವಕಾಶ ಇಂದಿನವರಿಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಮತ್ತೆ 2 ವರ್ಷ. ಮಹಿಳೆಯರಿಗೂ, ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಒಟ್ಟು 10 ವರ್ಷದವರೆಗೆ ಅವಕಾಶವುಂಟು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿರುವ ಪ್ರಾಧ್ಯಾಪಕರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಮಾರ್ಗದರ್ಶಕರ ವಿದ್ವತ್ತಿನೊಡನೆ ಅವರ ಸೇವಾವಧಿಯನ್ನೂ ವಿಚಾರಿಸಬೇಕು. ಪ್ರವೇಶಕ್ಕೆ ವಯಸ್ಸಿನ ಮೇಲ್ಮಿತಿಯನ್ನು ಈ ನಿಯಮಗಳು ಹೇಳಿಲ್ಲ. ಆದರೆ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಸಾಮಾನ್ಯವಾಗಿ 30 ವರ್ಷದ ಮಿತಿಯಿರುವುದರಿಂದ ಹಿರಿಯರು ತಮ್ಮ ಉಳಿತಾಯವನ್ನೇ ನೆಚ್ಚಬೇಕಾಗುತ್ತದೆ.

ಸಂಶೋಧನೆಗೆ ಮೊದಲು ಸ್ನಾತಕೋತ್ತರ ಪದವಿ ಬೇಕಲ್ಲವೇ? ದಾಂಡೇಲಿಯಂಥ ಊರಿನಲ್ಲಿ, ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಿಗೆ ದಿನವೂ ಧಾರವಾಡಕ್ಕೆ ಹೋಗಿಬರುವುದು ಕಷ್ಟ. (ಊರಿಗೆಲ್ಲ ಕಾಗದ ಮಾಡಿಕೊಟ್ಟವರು ತಮಗಾಗಿ ಒಂದೆರಡು ಹಾಳೆ ಬರೆಯುವುದು ಉಚಿತವೇ ಆಗಿದೆ!) ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಮನೆಯಲ್ಲಿದ್ದೇ ಎಂ.ಎ. ಮಾಡಬಹುದು. ಕೆಲವು ವರ್ಷ ಕಳೆದುಕೊಂಡಿದ್ದ ಮಾನ್ಯತೆಯನ್ನು ಅದು 2018ರಲ್ಲಿ ಮರಳಿ ಪಡೆಯಿತು. ಯಾವುದೇ ದೂರಶಿಕ್ಷಣಕ್ಕೆ ಹಣ ಕಟ್ಟುವ ಮುನ್ನ ಆ ವರ್ಷದ ಮಾನ್ಯತೆಯನ್ನು ಪರಿಶೀಲಿಸಿರಿ. ಪಿಎಚ್.ಡಿ. ಪ್ರವೇಶಕ್ಕೆ ಎಂ.ಎ.ಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳು ಬೇಕು.

ಇನ್ನು ವಿಷಯ. ಕಕ್ಕೇರಿಯಿಂದ ಉಳವಿಯವರೆಗೆ ಹಳ್ಳಿಹಳ್ಳಿಗಳಲ್ಲಿ ಶರಣರ ಹೆಜ್ಜೆಗಳ ಕಥನಗಳು ಹಿರಿಯರ ನಾಲಗೆಯ ಮೇಲಿವೆ. ಅವುಗಳನ್ನು ಕೇಳಿ ಬರೆದುಕೊಳ್ಳಲು ಯಾವ ಪ್ರವೇಶಪತ್ರವೂ ಬೇಡ. ಮುಂಬರುವ ಉಳವಿ ಜಾತ್ರೆಗೆ ಹೋಗುವಾಗ ಒಂದು ನೋಟುಪುಸ್ತಕ ಜೊತೆಗಿರಲಿ.