ಕಡಲಿನಿಂದ ಸಿಹಿನೀರು ಹೀರುವ ಕಾಡು

ಒಡಿಶಾದ ಕರಾವಳಿಯಲ್ಲಿ ಬ್ರಾಹ್ಮಣಿ, ಬೈತರಣಿ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವೆಡೆ ಭಿತರಕನಿಕಾ ಎಂಬ ಅರಣ್ಯವಿದೆ. ಹಿಂದೆ ಕನಿಕಾ ಜಮೀನುದಾರರ ಅಧೀನದಲ್ಲಿದ್ದ ಈ ಪ್ರದೇಶವು ೧೯೭೫ರಲ್ಲಿ ವನ್ಯಜೀವಿಧಾಮವಾಯಿತು. ಅದರ ಒಳಭಾಗವು ೧೯೯೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದೋಣಿಯೇರಿ ಇಲ್ಲಿಯ ಹಳ್ಳಗಳಲ್ಲಿ ಸಾಗುವವರಿಗೆ ಎರಡು ದಡಗಳಲ್ಲಿಯೂ ಕಾಣುವುದು ನುಣುಪಾದ ಕೆಸರು, ಅದರ ಮೇಲೆ ಗೋಡೆ ಕಟ್ಟಿದಂತೆ ದಟ್ಟವಾದ ಹಸುರು. ನಮ್ಮ ಕರಾವಳಿಯ ಜನ ಕಾಂಡ್ಲವೆನ್ನುವ ಮರಗಳ ಬಳಗವೇ ಇದು. ದಿನಕ್ಕೆರಡು ಸಲ ಉಬ್ಬರದ ನೀರು ಇವುಗಳ ಬುಡವನ್ನು ಮುಳುಗಿಸಿ ಹೋಗುತ್ತದೆ.

ಸಾಮಾನ್ಯ ಮರವೊಂದನ್ನು ಇಲ್ಲಿ ನೆಟ್ಟರೆ ಅದು ಬದುಕಲಾರದು. ನೆನೆದ ಕೆಸರಿನಲ್ಲಿ ಬೇರುಗಳಿಗೆ ಗಾಳಿ ದೊರೆಯದು. ಕಾಂಡ್ಲದ ಹಲವು ಜಾತಿಗಳು ಇದಕ್ಕಾಗಿ ಸೀಸದ ಕಡ್ಡಿಗಳಂಥ ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿವೆ. ಅಂಥ ಬೇರುಗಳ ಸೂಕ್ಷ್ಮರಂಧ್ರಗಳಿಗೆ ಗ್ರೀಸ್ ಬಳಿದು ಮುಚ್ಚಿದರೆ ಕೆಸರಿನೊಳಗಿನ ಭಾಗದಲ್ಲಿ ಆಮ್ಲಜನಕವು ಬೇಗನೆ ಕುಗ್ಗುತ್ತದೆಂದು ೧೯೫೫ರಲ್ಲಿ ಷೋಲಾಂಡರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ನೀರಿನ ಪ್ರಶ್ನೆ ಇದಕ್ಕಿಂತಲೂ ಕಠಿನವಾದದ್ದು. ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಅವು ನೀರು ಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ತೆಳುವಾದ ಪೊರೆಯೊಂದರ ಒಂದು ಕಡೆ ಉಪ್ಪು ಹೆಚ್ಚಾಗಿದ್ದರೆ ನೀರು ಆ ಕಡೆಗೇ ಹರಿಯುತ್ತದೆ. ಕಡಲ ನೀರಿನಿಂದ ಸಿಹಿನೀರನ್ನು ಇತ್ತ ಸೆಳೆಯಬೇಕಾದರೆ ಸುಮಾರು ೨೫ ವಾಯುಭಾರಗಳಷ್ಟು ಒತ್ತಡವನ್ನು ಮೀರಬೇಕು. ಹೀರುವ ಪಂಪು ಎಷ್ಟೇ ಬಲವಾದದ್ದಾಗಲಿ, ನೀರನ್ನು ೧೦ ಮೀಟರಿಗಿಂತ ಹೆಚ್ಚೇನೂ ಎತ್ತಲಾರದು. ಅದಕ್ಕೆ ನೆರವಾಗುವುದು ಒಂದೇ ಒಂದು ವಾಯುಭಾರ. ಹಾಗಾದರೆ ಮರವು ಇದನ್ನು ಸಾಧಿಸುವುದು ಹೇಗೆ? ಎಲೆಗಳಿಂದ ನೀರು ಆವಿಯಾದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಸರವು ಬೇರಿನವರೆಗೂ ಹಗ್ಗದಂತೆ ಎಳೆಯಲ್ಪಡುತ್ತದೆ. ೧೯೬೫ರಲ್ಲಿ ಷೋಲಾಂಡರ್ ತಂಡವು ಎಲೆಗೊಂಬೆಯನ್ನು ಲೋಹದ ಪಾತ್ರೆಯಲ್ಲಿ ಬಿಗಿದು, ಕತ್ತರಿಸಿದ ತುದಿಯನ್ನು ಮಾತ್ರ ಹೊರಗಿರಿಸಿ, ರಸವು ಅಲ್ಲಿ ಜಿನುಗುವವರೆಗೆ ಒಳಗೆ ಅನಿಲವನ್ನು ಒತ್ತಿತು. ಬೇಕಾದ ಒತ್ತಡವೇ ಎಳೆತದ ಅಳತೆ. ಕಾಂಡ್ಲಗಳಲ್ಲಿ ಅದು ಸದಾಕಾಲವೂ ೩೫ರಿಂದ ೬೦ ವಾಯುಭಾರ! ಸದ್ದಿಲ್ಲದೆ ನಿಂತ ಮರದೊಳಗೆ ಇಂಥ ಬಿಗಿತವಿದೆಯೆಂದು ಯಾರು ತಾನೆ ಊಹಿಸಿಯಾರು?

ಪ್ರಾಣಿಗಳಿಗೂ ಉಪ್ಪಿನ ಕಾಟ ತಪ್ಪಿದ್ದಲ್ಲ. ಸಮೀಪದ ಗಹೀರಮಥಾ ತೀರದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಯು ಕಣ್ಣಿನ ಬಳಿಯ ಗ್ರಂಥಿಗಳಿಂದ ಉಪ್ಪನ್ನು ಹೊರಹಾಕುತ್ತದೆ. ಉಪ್ಪುನೀರಿನ ಮೊಸಳೆಯು ನಾಲಿಗೆಯಿಂದ. ಆದುದರಿಂದ ಕಣ್ಣೀರಿನ ಅಪವಾದವು ಆಮೆಗೆ ಸಲ್ಲಬೇಕೇ ಹೊರತು ಮೊಸಳೆಗಲ್ಲ! ೧೯೭೫ರಲ್ಲಿ ಸಂರಕ್ಷಣೆ ಆರಂಭವಾದಾಗ ಇಲ್ಲಿ ನೂರರಷ್ಟಿದ್ದ ಮೊಸಳೆಗಳು ೨೦೨೪ರ ಗಣತಿಯಲ್ಲಿ ೧೮೦೦ನ್ನು ಮೀರಿದುವು. ಹಳ್ಳಿಗರಿಗೆ ಇದು ಬರಿಯ ಸಂತೋಷದ ಸುದ್ದಿಯಲ್ಲ. ಅನೇಕ ಸ್ನಾನಘಟ್ಟಗಳಿಗೆ ಬೇಲಿ ಹಾಕಬೇಕಾಗಿ ಬಂದಿದೆ.

ಆದರೆ ಇದೇ ಹಳ್ಳಿಗಳಿಗೆ ಕಾಡು ಮಾಡಿದ ಉಪಕಾರವೂ ದೊಡ್ಡದು. ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾವನ್ನು ಅಪ್ಪಳಿಸಿದ ಚಂಡಮಾರುತದಲ್ಲಿ ಸಾವಿರಾರು ಜನ ಮಡಿದರು. ಕೇಂದ್ರಾಪಾಡಾ ಜಿಲ್ಲೆಯ ಹಳ್ಳಿಗಳನ್ನು ಪರಿಶೀಲಿಸಿ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವು, ಕಡಲಿಗೂ ತಮಗೂ ನಡುವೆ ಅಗಲವಾದ ಕಾಂಡ್ಲವನವಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿದ್ದಿತೆಂದು ತೋರಿಸಿತು. ಮುನ್ನೆಚ್ಚರಿಕೆಯಿಂದ ಉಳಿದ ಜೀವಗಳು ಇನ್ನೂ ಹೆಚ್ಚೆಂಬುದನ್ನೂ ಅವರು ಮರೆಮಾಚಲಿಲ್ಲ. ಒತ್ತಾದ ಬೇರು, ಕಾಂಡಗಳ ನಡುವೆ ನುಗ್ಗುವ ನೀರು ತನ್ನ ಶಕ್ತಿಯನ್ನು ಸುಳಿಗಳಲ್ಲಿ ಕಳೆದುಕೊಳ್ಳುತ್ತದೆ.

ಈ ಗೋಡೆಯು ನಿಂತಿರುವುದು ಕಡಲ ನೀರಿನಿಂದಷ್ಟೇ ಅಲ್ಲ, ನದಿಗಳು ತರುವ ಸಿಹಿನೀರಿನಿಂದ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಎಲೆಯು ಬಲವಾಗಿ ಎಳೆಯಬೇಕು. ಎಳೆತ ಅತಿಯಾದರೆ ನೀರಿನ ಸರದಲ್ಲಿ ಗುಳ್ಳೆ ಎದ್ದು ಅದು ತುಂಡಾಗುತ್ತದೆ. ಬ್ರಾಹ್ಮಣಿಯ ನೀರನ್ನು ಮೇಲ್ಗಡೆಯಲ್ಲಿಯೇ ಕಾಲುವೆ, ಕಾರ್ಖಾನೆಗಳಿಗೆ ತಿರುಗಿಸಿದಷ್ಟೂ ಕೆಳಗಿನ ಹಳ್ಳಗಳಲ್ಲಿ ಉಪ್ಪು ಏರುತ್ತದೆ. ಅದನ್ನು ಮೊದಲು ತಾಳಲಾರದ ಮರಗಳಲ್ಲಿ ಸುಂದರಿ ಒಂದು. ಅದರ ಕುಲಕ್ಕೇ ಸೇರಿದ, ಕನಿಕಾದ ಹೆಸರನ್ನೇ ಹೊತ್ತ ಇನ್ನೊಂದು ಮರವು ಭಿತರಕನಿಕಾದಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.