ಕಾಡಿನ ಗಾಳಿ ರಕ್ತಕ್ಕಿಳಿದಾಗ

ಎರಡು ಗಂಟೆಯಲ್ಲಿ ನಡೆದದ್ದು ಬರೀ ಎರಡೂವರೆ ಕಿಲೋಮೀಟರ್! ಮೈ ಬೆವರುವ ಮಾತೇ ಇಲ್ಲ. 2005ರಲ್ಲಿ ಟೋಕಿಯೊದ ದೊಡ್ಡ ಕಂಪನಿಗಳಲ್ಲಿ ದುಡಿಯುವ 12 ಗಂಡಸರನ್ನು ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಡಾ. ಚಿಂಗ್ ಲಿ ನಾಗಾನೊ ಪ್ರಾಂತ್ಯದ ಈಯಾಮದ ಕಾಡಿಗೆ ಕರೆದೊಯ್ದರು. ಮೂರು ದಿನ, ಎರಡು ರಾತ್ರಿ. ಮರಗಳ ನಡುವೆ ಸುಮ್ಮನೆ ಅಡ್ಡಾಡುವುದು, ಆಮೇಲೆ ತೋಳು ಚಾಚಿ ರಕ್ತ ಕೊಡುವುದು, ಅಷ್ಟೇ.

ಆ ರಕ್ತದಲ್ಲಿ ಕಂಡದ್ದೇನು ಗೊತ್ತೆ? ನಮ್ಮ ಬಿಳಿ ರಕ್ತಕಣಗಳಲ್ಲಿ ನ್ಯಾಚುರಲ್ ಕಿಲ್ಲರ್ ಎಂಬ ಬಗೆಯಿದೆ. ವೈರಸ್ ಹೊಕ್ಕ ಕೋಶವೋ, ಗಡ್ಡೆಯಾಗಲು ಹೊರಟ ಕೋಶವೋ ಸಿಕ್ಕರೆ ಇವು ಅದಕ್ಕೆ ಅಂಟಿಕೊಳ್ಳುತ್ತವೆ. ಪರ್ಫೋರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಗೆ ತೂತು ಕೊರೆದು, ಗ್ರಾಂಝೈಮ್‌ಗಳನ್ನು ಒಳಗೆ ಬಿಟ್ಟು ಅಲ್ಲೇ ಮುಗಿಸುತ್ತವೆ. ಹನ್ನೆರಡರಲ್ಲಿ ಹನ್ನೊಂದು ಮಂದಿಯಲ್ಲಿ ಈ ಕಣಗಳ ಚಟುವಟಿಕೆ ಏರಿತ್ತು, ಸುಮಾರು ಶೇ. 50ರಷ್ಟು! ಮುಂದಿನ ಪ್ರಯೋಗದಲ್ಲಿ, ಮನೆಗೆ ಮರಳಿ ವಾರ ಕಳೆದರೂ ಏರಿದ್ದು ಇಳಿದಿರಲಿಲ್ಲ. ರಜೆ ಸಿಕ್ಕ ಖುಷಿ ಇರಬಹುದೆ? ಅದನ್ನೂ ನೋಡಿದರು. ಪೇಟೆಗೆ ಪ್ರವಾಸ ಹೋಗಿ ನಡೆದವರ ರಕ್ತದಲ್ಲಿ ಇಂಥದ್ದೇನೂ ಆಗಲಿಲ್ಲ.

ಜಪಾನಿನ ಅರಣ್ಯ ಇಲಾಖೆ ಶಿನ್ರಿನ್-ಯೊಕು, ಅಂದರೆ ಅರಣ್ಯಸ್ನಾನಕ್ಕೆ ಜನರನ್ನು ಕರೆದದ್ದು 1982ರಲ್ಲೇ. ಆಗ ಕೈಯಲ್ಲಿ ಈ ರಕ್ತದ ಲೆಕ್ಕ ಒಂದೂ ಇರಲಿಲ್ಲ!

ಗುಟ್ಟಿನ ಒಂದು ಪಾಲು ಗಾಳಿಯಲ್ಲಿದೆ ಎಂಬುದು ಲಿ ತಂಡದ ಊಹೆ. ಹುಳ, ಬೂಸ್ಟು, ಬ್ಯಾಕ್ಟೀರಿಯಾ ತಮ್ಮ ಮೇಲೆ ಏರಿ ಬರದಿರಲೆಂದು ಮರಗಳು ಪೈನೀನ್, ಲಿಮೊನೀನ್‌ನಂಥ ಆವಿಗಳನ್ನು ಬಿಡುತ್ತವೆ. ಇವೇ ಫೈಟೊನ್‌ಸೈಡ್‌ಗಳು. ಕಿತ್ತಳೆ ಸಿಪ್ಪೆ ಹಿಂಡಿದಾಗ ಮೂಗಿಗೆ ಬಡಿಯುವ ಘಮದಲ್ಲಿ ಇರುವುದೂ ಲಿಮೊನೀನೇ.

ಲಿ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಕಾಡೂ ಬೇಡ, ನಡಿಗೆಯೂ ಬೇಡ! 12 ಮಂದಿ ಪೇಟೆಯ ಹೋಟೆಲಿನಲ್ಲಿ ಮೂರು ರಾತ್ರಿ ಮಲಗಿದರು. ಕೋಣೆಯಲ್ಲಿ ಹಿನೊಕಿ ಮರದ ಎಣ್ಣೆ ರಾತ್ರಿಯೆಲ್ಲ ಆವಿಯಾಗುತ್ತಿತ್ತು. ಅವರಲ್ಲೂ ಆ ಕಣಗಳು ಚುರುಕಾದವು; ಮೂತ್ರದಲ್ಲಿ ಒತ್ತಡದ ಹಾರ್ಮೋನ್ ಅಡ್ರಿನಲಿನ್ ಇಳಿಯಿತು.

ಗುಂಪು ಸಣ್ಣದು, ನಿಜ. ಅರಣ್ಯಸ್ನಾನವನ್ನೇ ಕ್ಯಾನ್ಸರಿಗೆ ಮದ್ದು ಎಂದು ಮಾರುವವರನ್ನು ದಯವಿಟ್ಟು ನಂಬಬೇಡಿ. ಆದರೂ ಪ್ರಯೋಗಾಲಯದಲ್ಲಿ ನಡೆದದ್ದನ್ನು ಕೇಳಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ನ್ಯಾಚುರಲ್ ಕಿಲ್ಲರ್ ಕೋಶಗಳಿಗೆ ಮರದೆಣ್ಣೆಯ ಅಂಶ ಸೇರಿಸಿದರು. ಅಲ್ಲಿ ಮೂಗಿಲ್ಲ, ಮನಸ್ಸಿಲ್ಲ, ರಜೆಯ ಸಂತೋಷವಂತೂ ಇಲ್ಲವೇ ಇಲ್ಲ. ಬರೀ ಕೋಶ! ಅಲ್ಲೂ ಅವುಗಳ ಕೊಲ್ಲುವ ಶಕ್ತಿ ಹೆಚ್ಚಿತು, ಒಳಗೆ ಪರ್ಫೋರಿನ್ ಏರಿತು.